ಶಿವನಂಜೇಗೌಡರ ಎಡೆಗೆ ಉಪ್ಸಾರು

ಮದ್ದೂರು
ಖರನಾಮ ಸಂವತ್ಸರದ ಮಹಾಲಯ ಅಮಾವಾಸ್ಯೆ
ಇಸವಿ ಎರಡು ಸಾವಿರದ ನೂರ ತೊಂಬತ್ತೊಂದು

ನಮ್ಮ ಮುತ್ತಾತನ ಮುತ್ತಾತನವರಾದ, ಪೇಟೆ ಬೀದಿಯ ಮೋಟಾರ್ ರಿವೈಂಡಿಂಗ್ ಶಿವನಂಜೇಗೌಡರ ಪಾದಗಳಿಗೆ ಮಂಚಮ್ಮ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೀವಿ. ನೀವು ಅಲ್ಲಿ ಚೆನ್ನಾಗಿಲ್ಲ ಅಂತ ಗೊತ್ತಿರೋದರಿಂದಲೇ ಈ ಕಾಗದ.

ಮೇಲಿನ ಇಸವಿ ನೋಡಿ ಯಾರೋ ಕುಡಿದು ಬರೆದಿದ್ದಾರೆ ಅಂದ್ಕೋಬೇಡಿ. ಕುಡಿದಿಲ್ಲ. ಬೆಳಗಿನಿಂದ ಉಪವಾಸ ಇದ್ದೀನಿ, ಎಡೆ ಆಗೋವರೆಗೂ ಕಾಫಿ ಕೂಡ ಬಾಯಿಗೆ ಹಾಕೋ ಹಾಗಿಲ್ಲ. ಅದಕ್ಕೇ ಎಲ್ಲಾದರೂ ಮಾತು ಗಡುಸಾಗಿ ಬಂದರೆ ಹೊಟ್ಟೆಗೆ ಹಾಕ್ಕೊಳ್ಳಿ. ನಡುನಡುವೆ ನಿಮ್ಮ ಕಾಲದಲ್ಲಿ ಇಲ್ಲದ ಪದಗಳೂ ಬರುತ್ತವೆ, ಅವಕ್ಕೂ ಕ್ಷಮೆ ಇರಲಿ, ಬಂದ ಕಡೆ ಬಿಡಿಸಿ ಹೇಳ್ತೀನಿ. ಇನ್ನು ನನ್ನ ಹೆಸರು. ಮಂಚಮ್ಮ ಅನ್ನೋದು ನಿಮ್ಮ ಅಜ್ಜಿ ಹೆಸರು ಅಂತ ನನಗೂ ಗೊತ್ತು. ನಿಮ್ಮ ಕಾಲದವರು ಮಕ್ಕಳಿಗೆ ಸಿಂಚನ, ರಚನ ಅಂತ ಇಟ್ಟೂ ಇಟ್ಟೂ ಜನಕ್ಕೆ ಬೇಜಾರಾಗಿ, ನಮ್ಮ ಕಾಲಕ್ಕೆ ಮಂಚಮ್ಮ, ಕೆಂಚಮ್ಮ ಅಂದರೇನೇ ಸ್ಟೈಲು. ನಿಮ್ಮನ್ನ ಹೇಗೆ ಮಾತಾಡಿಸೋದು ಅನ್ನೋದೇ ದೊಡ್ಡ ಗೋಳಾಗಿಹೋಗಿದೆ. ವರಸೆಯಲ್ಲಿ ನೀವು ಹಿರಿಯರು. ಆದರೆ ನನಗೀಗ ಅರವತ್ತಮೂರು, ನೀವಿನ್ನೂ ಐವತ್ತನ್ನೂ ಮುಟ್ಟಿಲ್ಲ. ಎದುರಿಗೆ ಸಿಕ್ಕಿದ್ದರೆ ನೀವು ನನ್ನ ತಮ್ಮನಿಗಿಂತಲೂ ಚಿಕ್ಕವರು, ಕಿವಿ ಹಿಡಿದು ಕೂರಿಸಬಹುದಾಗಿತ್ತು. ಸದ್ಯಕ್ಕೆ ನೀವು ಅಂತಲೇ ಬರೀತೀನಿ. ಸಿಟ್ಟು ಬಂದಾಗ ನೀನು ಅಂತ ಬಂದುಬಿಟ್ಟರೆ ಅಕ್ಕ ಬೈದಳು ಅಂದ್ಕೊಳ್ಳಿ.

ಈ ಕಾಗದ ನಿಮ್ಮ ಕೈ ಸೇರಿದ್ದು ಹಿನ್ನಂಚೆಯಲ್ಲಿ. ಹಿನ್ನಂಚೆ ಅಂದರೆ ಕಾಗದವನ್ನ ಮುಂದಕ್ಕೆ ಕಳಿಸೋ ಬದಲು ಹಿಂದಿನ ಕಾಲಕ್ಕೆ ಕಳಿಸೋ ಅಂಚೆ. ಹೇಗೆ ಕಳಿಸ್ತಾರೆ ಅಂತ ಕೇಳಬೇಡಿ, ಕೌಂಟರಿನಲ್ಲಿ ಕೂತಿರೋ ಹುಡುಗಿಗೂ ಗೊತ್ತಿಲ್ಲ. ಒಂದು ಮನೆಗೆ ಒಂದೇ ಕಾಗದ, ಅದೂ ತಲೆಮಾರಿಗೊಂದು ಸಲ. ನಿಯಮ ಮಾತ್ರ ಬಲು ಬಿಗಿ. ಯಾವ ಸೈಟಿಗೆ ರೇಟು ಬರುತ್ತೆ, ಎಲೆಕ್ಷನ್‌ನಲ್ಲಿ ಯಾರು ಗೆಲ್ತಾರೆ, ಯಾರು ಯಾವತ್ತು ಸಾಯ್ತಾರೆ, ಈ ಮೂರನ್ನೂ ಬರೆಯೋ ಹಾಗಿಲ್ಲ. ಬರೆದರೆ ಆ ಸಾಲನ್ನ ಕಪ್ಪು ಮಾಡಿ ಕಳಿಸ್ತಾರೆ. ಎಲ್ಲಿಗೆ ತಲುಪಿಸಬೇಕು ಅಂತ ಕೇಳಿದಾಗ ನಾನು ಒಂದು ನಿಮಿಷವೂ ಯೋಚನೆ ಮಾಡಲಿಲ್ಲ. ನೀವು ಅಂಗಡಿಯಲ್ಲಿ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಮನೆಯಲ್ಲಂತೂ ನೀವು ನಿಲ್ಲೋ ಆಸಾಮಿ ಅಲ್ಲ. ಆದರೆ ಭಾನುವಾರ ಬೆಳಗ್ಗೆ ಮಟನ್ ಅಂಗಡಿ ಮುಂದೆ ನೀವು ಇಲ್ಲದೆ ಇರೋದು ಸಾಧ್ಯವೇ ಇಲ್ಲ. ಅದಕ್ಕೇ ಕಪ್ಪು ಕವರಿನೊಳಗೆ, ಬಾಡಿನ ಜೊತೆ ಹಾಕಿಸಿದ್ದೀನಿ. ಕಾಗದಕ್ಕೆ ಸ್ವಲ್ಪ ಜಿಡ್ಡು ಹತ್ತಿರುತ್ತೆ, ಒರೆಸಿಕೊಂಡು ಓದಿ.

ನಮ್ಮ ಮದ್ದೂರಿನ ಕಥೆ ಒಂದಿಷ್ಟು ಹೇಳ್ತೀನಿ, ಇಲ್ಲದಿದ್ದರೆ ಬರೀ ಬುದ್ಧಿ ಹೇಳೋಕೆ ಬಂದಳು ಅಂತ ನೀವು ಕಾಗದ ಮಡಚಿ ಇಟ್ಟುಬಿಡ್ತೀರಿ. ವಡೆ ಹಾಗೇ ಇದೆ. ಬಸ್ಸಿನವರು ಈಗಲೂ ನಿಲ್ಲಿಸಿ ತಿಂದೇ ಹೋಗೋದು, ಆದರೆ ಬಸ್ಸಿಗೆ ಡ್ರೈವರ್ ಇಲ್ಲ, ಅದಕ್ಕೇ ವಡೆಯಂಗಡಿಯವರಿಗೆ ಫ್ರೀ ಕಾಫಿ ಉಳಿತಾಯ ಆಗಿದೆ. ಕಾವೇರಿ ಕೇಸು ಇನ್ನೂ ನಡೀತಿದೆ. ಮಿಲಿಟರಿ ಹೋಟೆಲುಗಳೂ ಇವೆ, ಬೋರ್ಡಿನ ಮೇಲೆ ಕೋಳಿ ಕುರಿ ಚಿತ್ರಾನೂ ಇದೆ, ಒಳಗೆ ಸಿಗೋದು ಮಾತ್ರ ಮುಕ್ಕಾಲುಪಾಲು ತೊಟ್ಟಿಬಾಡು. ಕುರಿಯ ಮೈಯಿಂದ ಒಂದು ಸಾಸಿವೆಯಷ್ಟು ತಗೊಂಡು ಸ್ಟೀಲಿನ ತೊಟ್ಟಿಯಲ್ಲಿ ಬೆಳೆಸೋ ಬಾಡಿಗೆ ನಾವು ತೊಟ್ಟಿಬಾಡು ಅಂತೀವಿ. ಕುರಿ ಪಾಡಿಗೆ ಕುರಿ ಮೇಯ್ತಾ ಇರುತ್ತೆ, ಇತ್ತ ಬಾಡು ಬೆಳೀತಾ ಇರುತ್ತೆ. ಕೊಬ್ಬು ಬೇಕಾದಷ್ಟೇ ಇಡ್ತಾರೆ. ಎಲ್ಲ ಸರಿ, ಒಂದೇ ತಕರಾರು, ಅದರಲ್ಲಿ ಮೂಳೆ ಇರೋದಿಲ್ಲ. ಮಂಡ್ಯ ಜಿಲ್ಲೆಯಲ್ಲಿ ಮೂಳೆ ಇಲ್ಲದ ಸಾರು ಬಡಿಸಿ ಬದುಕಿದವರುಂಟೇ? ಜನ ದಂಗೆಯೇಳೋದೊಂದು ಬಾಕಿ. ಕೊನೆಗೆ ನಲ್ಲಿಮೂಳೆಗಳನ್ನ ಬೇರೆ ಅಚ್ಚಿನಲ್ಲಿ ಎರಕ ಹೊಯ್ದು, ಒಳಗೆ ರಸ ತುಂಬಿ ಮಾರೋಕೆ ಶುರು ಮಾಡಿದರು. ಈಗ ಎಲ್ಲರೂ ಆ ಸುಳ್ಳು ಮೂಳೆಯನ್ನ ತಟ್ಟೆಗೆ ಕುಟ್ಟಿ ಕುಟ್ಟಿ ಹೀರ್ತಾರೆ, ಆಮೇಲೆ ತೊಳೆದು ಹೋಟೆಲಿಗೇ ವಾಪಸ್ ಕೊಡಬೇಕು. ಹಾಗಂತ ಬೀಗರೂಟಕ್ಕೆ ತೊಟ್ಟಿಬಾಡು ಹಾಕಿದರೆ ಬೀಗರು ಈಗಲೂ ಮುಖ ಊದಿಸಿಕೊಂಡೇ ಎದ್ದು ಹೋಗೋದು.

ಎದೆಕಾವಲು ಅಂತ ಇನ್ನೊಂದಿದೆ. ಹುರುಳಿಕಾಳಿನಷ್ಟು ಯಂತ್ರ, ಕೊರಳಮೂಳೆಯ ಕೆಳಗೆ ಚರ್ಮದೊಳಗೆ ಇಡ್ತಾರೆ. ರಕ್ತದಲ್ಲಿ ಕೊಬ್ಬು ಎಷ್ಟಾಯ್ತು, ಗುಂಡಿಗೆ ಹೇಗೆ ಬಡಿದುಕೊಳ್ತಿದೆ ಅಂತ ನೋಡಿಕೊಂಡು, ಹದ ತಪ್ಪಿದರೆ ಒಳಗಿನಿಂದಲೇ ಗದರುತ್ತೆ. ಯಾರ ದನಿಯಲ್ಲಿ ಗದರಬೇಕು ಅನ್ನೋದು ಅವರವರ ಇಷ್ಟ. ನನ್ನ ತಮ್ಮ ನಿಂಗೇಗೌಡ ಅವನ ಅತ್ತೆಯ ದನಿ ಹಾಕಿಸಿಕೊಂಡಿದ್ದಾನೆ, ಹೆಂಡತಿ ದನಿಗೆ ಅಭ್ಯಾಸ ಆಗಿಹೋಗಿ ಕಿವಿಗೇ ಬೀಳೋದಿಲ್ಲವಂತೆ. ಕೊಬ್ಬಿನ ಚೂರು ಬಾಯಿ ಹತ್ತಿರ ಹೋದರೆ ಸಾಕು, ಅಳಿಯಂದಿರೇ ಅಂತ ಎದೆಯೊಳಗಿಂದ ಒಂದು ಕೆಮ್ಮು ಬರುತ್ತೆ. ಇವನು ಪಟ್ಟಂತ ಚೂರು ಕೆಳಗಿಟ್ಟು ಮೊಸರನ್ನಕ್ಕೆ ಕೈ ಹಾಕ್ತಾನೆ. ಹಬ್ಬದ ದಿನ ಮಾತ್ರ ಅತ್ತೆಗೂ ರಜ ಅಂತ ಅದನ್ನ ಆಫ್ ಮಾಡಿಬಿಡ್ತಾನೆ. ಇವತ್ತು ಹಬ್ಬ. ನನ್ನ ತಲೆನೋವು ಇಲ್ಲಿಂದಲೇ ಶುರು.

ನಾನೀಗ ಜಗಲಿಯ ಮೇಲೆ ಕೂತು ಬರೀತಿದ್ದೀನಿ. ಒಳಗೆ ನಿಮಗೂ ನಿಮ್ಮ ನಂತರ ಹೋದವರಿಗೂ ಎಡೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಬಂದಿದ್ದೀವಿ. ನಿಮ್ಮ ಕಾಲದಲ್ಲೂ ಹೀಗೇ ಅಲ್ಲವೇ, ಹಿರಿಯರು ಬಂದು ನಿಶ್ಚಿಂತೆಯಾಗಿ ಉಂಡು ಹೋಗಲಿ ಅಂತ ಒಂದಿಷ್ಟು ಹೊತ್ತು ಬಾಗಿಲು ಹಾಕಿರೋದು, ಆಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗೋದು. ನೂರ ಅರವತ್ತು ವರ್ಷದಲ್ಲಿ ಏನೇನೋ ಬದಲಾಯ್ತು, ಇದೊಂದು ಬದಲಾಗಿಲ್ಲ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಡಬೇಕು. ಇಟ್ಟಿದ್ದನ್ನ ಆಮೇಲೆ ಮನೆಯವರೆಲ್ಲ ಉಣ್ಣಬೇಕು, ಬೇಡ ಅನ್ನೋ ಹಾಗಿಲ್ಲ, ಅದು ಹಿರಿಯರ ಆಶೀರ್ವಾದ. ಒಂದು ಸಲ ಎಡೆಗೆ ಬಂದ ಪದಾರ್ಥವನ್ನ ತೆಗೆಯೋ ಅಧಿಕಾರ ಬದುಕಿರೋ ಯಾರಿಗೂ ಇಲ್ಲ. ಎಡೆಗೆ ತೊಟ್ಟಿಬಾಡೂ ನಡೆಯೋದಿಲ್ಲ, ಮೇಯ್ದು ಬಂದ ಕುರಿಯೇ ಆಗಬೇಕು.

ಈಗ ನಮ್ಮ ಮನೆಯ ಎಡೆ ನೋಡಿ. ಮೊದಲು ನೀವು. ನೀವು ತೀರಿಕೊಂಡ ವರ್ಷ ನಿಮ್ಮ ಎಲೆಗೆ ಕೊಬ್ಬು ತೇಲೋ ಎದೆಬಾಡಿನ ಸಾರು ಬಂತು, ಶಿವನಂಜೇಗೌಡರು ಅಂದರೆ ಎದೆಬಾಡು ಅಂತ ಊರಿಗೇ ಗೊತ್ತಿತ್ತಲ್ಲ. ನಿಮ್ಮ ಮಗ ಪ್ರತಿ ವರ್ಷ ನಿಮ್ಮ ಹೆಸರು ಹೇಳಿಕೊಂಡು ಅದನ್ನ ಉಂಡ, ಜೊತೆಗೆ ಬೋಟಿ ಗೊಜ್ಜು ಅಂದರೆ ಅವನಿಗೆ ಪ್ರಾಣ. ವಯಸ್ಸಾಗೋ ಮೊದಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಎಡೆಗೆ ಬೋಟಿ ಗೊಜ್ಜು ಸೇರ್ತು. ಅವನ ಮಗ ಇವೆರಡನ್ನೂ ಉಂಡು, ಮೇಲೆ ತಲೆಮಾಂಸ ಬೇಕು ಅಂತಿದ್ದ. ಅವನೂ ಐವತ್ತು ದಾಟಿ ಹೆಚ್ಚು ದಿನ ಇರಲಿಲ್ಲ, ತಲೆಮಾಂಸ ಸೇರ್ತು. ಆಮೇಲೆ ಕೈಮದುಂಡೆ, ಆಮೇಲೆ ಲಿವರ್ ಫ್ರೈ. ಒಬ್ಬೊಬ್ಬರು ಹೋದ ಹಾಗೆ ಒಂದೊಂದು ಪದಾರ್ಥ ಹೆಚ್ಚಾಯ್ತು, ಪದಾರ್ಥ ಹೆಚ್ಚಾದ ಹಾಗೆ ಉಳಿದವರ ಊಟ ಇನ್ನೂ ಭರ್ಜರಿ ಆಯ್ತು. ಹೋದವರು ಯಾವುದರಿಂದ ಹೋದರೋ ಅದನ್ನೇ ಅವರಿಗೆ ಇಟ್ಟು, ಅದನ್ನೇ ನಾವು ಉಂಡು, ನಾವೂ ಹೋಗಿ, ನಮಗೂ ಅದನ್ನೇ ಇಡಿಸಿಕೊಂಡ್ವಿ. ಇಷ್ಟು ಅಚ್ಚುಕಟ್ಟಾಗಿ ದಡ್ಡತನ ಮಾಡಿದ ಮನೆ ಇನ್ನೊಂದಿದ್ದರೆ ತೋರಿಸಿ. ವರ್ಷಕ್ಕೊಂದು ದಿನದ ಊಟದಿಂದ ಯಾರೂ ಸಾಯೋದಿಲ್ಲ ಅನ್ನೋದು ನನಗೂ ಗೊತ್ತು. ಆದರೆ ನಮ್ಮ ಮನೆ ಗಂಡಸರಿಗೆ ಅದು ಒಂದು ದಿನದ ಊಟ ಆಗಿರಲೇ ಇಲ್ಲ. ಭಾನುವಾರ ಬಂದರೆ ಹಿರಿಯರಿಗೆ ಇಷ್ಟ ಅಂತ, ಬುಧವಾರ ಬಂದರೆ ಭಾನುವಾರ ದೂರ ಅಂತ.

ಹೆಂಗಸರು ಮಾತ್ರ ಎಂಬತ್ತು ತೊಂಬತ್ತು ದಾಟಿದರು. ಅದಕ್ಕೆ ನಮ್ಮಜ್ಜಿ ಒಂದು ಕಾರಣ ಹೇಳ್ತಿದ್ದರು. ಬಾಡಿನ ಚೂರೆಲ್ಲ ಗಂಡಸರ ತಟ್ಟೆಗೆ, ನಮಗೆ ಉಳಿದಿದ್ದು ತಳದ ಸಾರು, ಮೂಲೆಯಲ್ಲಿದ್ದ ಸೊಪ್ಪು. ಮೋಸ ಮಾಡಿದ್ದೂ ಒಳ್ಳೇದೇ ಆಯ್ತು ಅಂತ ಬೊಚ್ಚುಬಾಯಲ್ಲಿ ನಗ್ತಿದ್ದರು. ನಮ್ಮ ಡಾಕ್ಟರಮ್ಮನಿಗೆ ಇದನ್ನ ಹೇಳಿದರೆ ಅವರೂ ನಕ್ಕು, ಅಷ್ಟು ಸಲೀಸಾಗಿ ಲೆಕ್ಕ ಹಾಕಬೇಡಿ ಮಂಚಮ್ಮನೋರೇ, ಬೀಡಿ, ಕೂತಲ್ಲೇ ಕೂರೋದು, ನಿದ್ದೆಗೆಡೋದು, ನಿಮ್ಮ ವಂಶದ ರಕ್ತ, ಇವಕ್ಕೂ ಪಾಲಿದೆ ಅಂದರು. ಬಾಡೊಂದರ ಮೇಲೇ ಎಲ್ಲ ಹೊರಿಸಿದರೆ ಸುಳ್ಳಾಗುತ್ತೆ. ಆದರೆ ದಿನಾ ಕೊಬ್ಬಿನ ಕೆಂಪು ಬಾಡು ತಿಂದರೆ ಗುಂಡಿಗೆಯ ರಕ್ತನಾಳಕ್ಕೆ ಒಳ್ಳೇದಲ್ಲ ಅನ್ನೋದರಲ್ಲಿ ಅವರಿಗೆ ಅನುಮಾನ ಇಲ್ಲ. ನಿಮ್ಮ ಕಾಲದ ಡಾಕ್ಟರುಗಳೂ ಅದನ್ನೇ ಹೇಳ್ತಿದ್ದರು, ನೀವು ಕೇಳೋಕೆ ಹೋಗಲಿಲ್ಲ ಅಷ್ಟೆ. ಬಾಡು ತಿನ್ನೋದು ತಪ್ಪು ಅಂತ ಮೂಗು ಮುರಿಯೋ ಪೈಕಿ ನಾನಲ್ಲ. ನಾನೂ ತಿಂತೀನಿ, ಇವತ್ತೂ ತಿಂತೀನಿ, ನನ್ನ ಕೈಯ ಮಸಾಲೆಗೆ ಈ ಬೀದಿಯಲ್ಲೇ ಹೆಸರಿದೆ. ಎರಡು ಚೂರಿಗೂ ಎರಡು ತಟ್ಟೆಗೂ ವ್ಯತ್ಯಾಸ ಇದೆ ಅನ್ನೋದಷ್ಟೇ ನನ್ನ ಮಾತು.

ನಿಮ್ಮ ಕಸುಬಿನ ಭಾಷೆಯಲ್ಲೇ ಹೇಳ್ತೀನಿ. ಬೋರಿನ ಪೈಪಿಗೆ ಒಳಗಡೆ ಸುಣ್ಣ ಕಟ್ಟಿಕೊಂಡು ಬರುತ್ತಲ್ಲ, ಹೊರಗಿಂದ ನೋಡಿದರೆ ಪೈಪು ಹೊಸದರ ಹಾಗೇ ಇರುತ್ತೆ. ನೀರು ಕಮ್ಮಿ ಆಗುತ್ತೆ, ಮೋಟಾರು ತಿಣುಕುತ್ತೆ, ಕೊನೆಗೊಂದು ದಿನ ಸುಟ್ಟುಹೋಗುತ್ತೆ. ಎದೆಯಲ್ಲೂ ಅಷ್ಟೇ ಆಗೋದು. ಮೋಟಾರು ಸುಟ್ಟ ಮೇಲೆ ಹೊತ್ತುಕೊಂಡು ಬಂದ ರೈತರಿಗೆ ನೀವು ಬೈತಿದ್ದ ಒಂದು ಮಾತು ನಮ್ಮ ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ. "ಗುಂಯ್ ಅಂದಾಗಲೇ ತಾರಯ್ಯ, ಸುಟ್ಟ ಮೇಲೆ ತಂದರೆ ನಾನೇನು ದೇವರಾ?" ಮಕ್ಕಳಿಗೆ ಜ್ವರ ಬಂದರೂ, ಮನೆ ಸೋರಿದರೂ ನಾವು ಇದನ್ನೇ ಹೇಳೋದು. ಇಂಥ ಮಾತು ಆಡಿದ ಮಹಾನುಭಾವರು ನೀವು, ಮೆಟ್ಟಿಲು ಹತ್ತಿದರೆ ಎಡಗೈ ಜೋಮು ಹಿಡಿಯುತ್ತೆ, ದವಡೆವರೆಗೂ ಎದೆ ಹಿಂಡುತ್ತೆ, ಅದಕ್ಕೆ ಗ್ಯಾಸು ಅಂತ ಸೋಡಾ ಕುಡಿದು ತೇಗಿ ಮತ್ತೆ ಕೆಲಸಕ್ಕೆ ಕೂರ್ತೀರಿ. ಊರಿನ ಮೋಟಾರೆಲ್ಲ ಕಿವಿಗೊಟ್ಟು ಕೇಳಿದೆಯಲ್ಲ, ನಿನ್ನ ಮೋಟಾರಿನ ಸದ್ದು ನಿನಗೆ ಕೇಳಲಿಲ್ಲವಾ? ನೋಡಿದಿರಾ, ನೀನು ಅಂತ ಬಂದೇಬಿಡ್ತು.

ಈಗ ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೀನಿ. ಇದು ನಿಮ್ಮ ಮಗಳು ಸಿಂಚನ ಮುದುಕಿಯಾದ ಮೇಲೆ ಹೇಳಿದ್ದು. ಅವರು ಹೇಳಿದ್ದನ್ನ ನಮ್ಮಜ್ಜಿ ಕೇಳಿದ್ದರು, ಅಜ್ಜಿ ಹೇಳಿದ್ದನ್ನ ನಾನು ಕೇಳಿದ್ದೀನಿ. ಸಿಂಚನಜ್ಜಿಯ ಪ್ರಕಾರ ನಿಮಗೆ ಎದೆಬಾಡು ಅಷ್ಟೇನೂ ಇಷ್ಟ ಇರಲಿಲ್ಲ. ಯಾವುದೋ ಬೀಗರೂಟದಲ್ಲಿ ಪಂದ್ಯ ಕಟ್ಟಿ ಒಬ್ಬರೇ ಒಂದು ಬೇಸಿನ್ ಮುಗಿಸಿದ್ದಕ್ಕೆ ಊರೆಲ್ಲ ಹೊಗಳಿಬಿಟ್ಟಿತು. ಅಲ್ಲಿಂದಾಚೆಗೆ ಎಲ್ಲಿ ಹೋದರೂ ಗೌಡರಿಗೆ ಇನ್ನೊಂದು ಸೌಟು, ಗೌಡರಿಗೆ ಎದೆಬಾಡು ಅಂತ ಸುರಿಯೋರು, ನೀವು ಮರ್ಯಾದೆ ಪ್ರಶ್ನೆ ಅಂತ ತಿನ್ನೋರು. ಮನೆಯಲ್ಲಿ ಯಾರೂ ಇಲ್ಲದಾಗ, ನೀವೂ ಮಗಳೂ ಇಬ್ಬರೇ ಇದ್ದಾಗ, ಹೊನಗೊನ್ನೆ ಸೊಪ್ಪಿನ ಉಪ್ಸಾರು, ಅದಕ್ಕೆ ಬೆಳ್ಳುಳ್ಳಿ ಹಾಕಿ ಅರೆದ ಖಾರ, ಬಿಸಿ ಮುದ್ದೆ. ಮುದ್ದೆಯ ಒಂದು ತುತ್ತು ಮುರಿದು ಅವಳ ಬಾಯಿಗೂ ಹಾಕಿ, ಯಾರಿಗೂ ಹೇಳಬೇಡ ಮಗಳೇ, ಇದರ ಮುಂದೆ ಯಾವ ಬಾಡೂ ಇಲ್ಲ ಅಂತಿದ್ದಿರಂತೆ. ಹೌದೋ ಅಲ್ಲವೋ, ನೀವೇ ಹೇಳಿ.

ನಿಮಗೆ ಮೊದಲ ಎಡೆ ಇಟ್ಟ ದಿನ ಮನೆ ತುಂಬ ನೆಂಟರು. ಎಲೆಯ ಮೇಲೆ ಎದೆಬಾಡು ಗುಡ್ಡೆ ಹಾಕಿದ್ದರು. ಸಿಂಚನ ಅಡುಗೆಮನೆಯಿಂದ ಒಂದು ಸಣ್ಣ ಬಟ್ಟಲಲ್ಲಿ ಉಪ್ಸಾರು ತಂದು ನಿಮ್ಮ ಎಲೆಯ ತುದಿಗೆ ಇಟ್ಟಳು. ಅವಳೇ ಬೇಯಿಸಿದ್ದು, ಸೊಪ್ಪು ಸರಿಯಾಗಿ ಸೋಸಿರಲಿಲ್ಲ, ಕಡ್ಡಿ ಎಲ್ಲ ಹಾಗೇ ಇತ್ತು. ನಿಮ್ಮ ಅಣ್ಣ ಅದನ್ನ ಎತ್ತಿ ಪಕ್ಕಕ್ಕಿಟ್ಟರು. "ಗೌಡನ ಎಡೆಗೆ ಸೊಪ್ಪಿನ ಸಾರಾ? ನಿಮ್ಮಪ್ಪನ ಮರ್ಯಾದೆ ತೆಗೀಬೇಡ ಕಣವ್ವ." ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂತಾಗ ಆ ಮಗು ಅದೇ ಬಟ್ಟಲನ್ನ ಮಡಿಲಲ್ಲಿ ಇಟ್ಟುಕೊಂಡು ಬಾಗಿಲ ಪಕ್ಕ ಕೂತಿತ್ತಂತೆ, ಅಪ್ಪ ಒಳಗೆ ಉಣ್ಣದೆ ಹೊರಗೆ ಬಂದರೆ ಕೊಡೋಣ ಅಂತ. ಆಗ ಅವಳು ನಾಲ್ಕನೇ ಕ್ಲಾಸು. ಯಾರು ಯಾವತ್ತು ಸಾಯ್ತಾರೆ ಅಂತ ನಾನು ಬರೆದಿಲ್ಲ, ಹಿನ್ನಂಚೆಯವರು ಬೇಕಾದರೆ ಇನ್ನೊಂದು ಸಲ ಓದಿಕೊಳ್ಳಲಿ. ನಾನು ಬರೆದಿರೋದು ಒಂದು ಹುಡುಗಿಯ ಸ್ಕೂಲಿನ ವಿಷಯ. ಈಗ ಅವಳು ಯಾವ ಕ್ಲಾಸಿನಲ್ಲಿದ್ದಾಳೆ ಅಂತ ನಿಮಗೇ ಗೊತ್ತಲ್ಲ.

ನನ್ನ ಕೋರಿಕೆ ಇಷ್ಟೇ. ನಿಮಗಿವತ್ತು ಭಾನುವಾರ, ಅಂಗಡಿ ರಜ. ನಾಳೆಯೂ ಅಂಗಡಿ ತೆಗೀಬೇಡಿ, ಬೆಳಗ್ಗೆಯೇ ಹೆಂಡತಿಯನ್ನ ಕರೆದುಕೊಂಡು ಎದೆ ಡಾಕ್ಟರ ಹತ್ತಿರ ಹೋಗಿ. ನಡುವೆ ಹಿಂಡೋದು ಜಾಸ್ತಿ ಆಯ್ತೋ, ನಾಳೆಗೂ ಕಾಯಬೇಡಿ, ಸೋಡಾ ಬಾಟಲಿಯನ್ನಂತೂ ಮುಟ್ಟಲೇಬೇಡಿ. ನಿಮ್ಮ ಕಾಲದಲ್ಲೇ ಮುಚ್ಚಿದ ನಾಳಕ್ಕೆ ಸ್ಪ್ರಿಂಗು ಹಾಕಿ ತೆರೆಯೋರು ಇದ್ದರು, ಅದೇನು ದೊಡ್ಡ ಮಾತಲ್ಲ. ಬೀಡಿ ಬಿಡಿ. ಬಾಡು ಅವರು ಹೇಳಿದಷ್ಟೇ ತಿನ್ನಿ. ಅದಾದ ಮೇಲೆ ಮುಂದಿನ ಬೀಗರೂಟದಲ್ಲಿ ಯಾರಾದರೂ ಸೌಟು ಹಿಡಿದು ಬಂದರೆ ಎಲೆಯ ಮೇಲೆ ಕೈ ಅಡ್ಡ ಇಟ್ಟು, ಎಲ್ಲರಿಗೂ ಕೇಳೋ ಹಾಗೆ ಹೇಳಿ, ನನಗೆ ಇಷ್ಟ ಉಪ್ಸಾರು ಅಂತ. ನಗ್ತಾರೆ, ನಗಲಿ. ನಾವ್ಯಾರೂ ನಿಮ್ಮ ಎಡೆಯಿಂದ ಎದೆಬಾಡನ್ನ ತೆಗೆಯೋ ಹಾಗಿಲ್ಲ, ಆದರೆ ನೀವು ಬದುಕಿದ್ದಾಗಲೇ ಬಾಯಿಬಿಟ್ಟು ಹೇಳಿದರೆ ಅದು ಎಡೆಗೆ ಬರೋದೇ ಇಲ್ಲ. ಮೊದಲ ಪದಾರ್ಥ ನಿಮ್ಮದೇ, ನೀವು ಬದಲಾದರೆ ಹಿಂದೆ ಬಂದವರೂ ಬದಲಾಗಬಹುದು. ನಮ್ಮ ನಿಂಗೇಗೌಡನಿಗೀಗ ಐವತ್ತೊಂಬತ್ತು. ಈ ವಂಶದಲ್ಲಿ ಒಬ್ಬ ಗಂಡಸಿಗೂ ಅರವತ್ತರ ಶಾಂತಿ ಆಗಿಲ್ಲ, ಹೇಗೆ ಮಾಡಬೇಕು ಅನ್ನೋದೇ ನಮಗೆ ಗೊತ್ತಿಲ್ಲ, ಪಕ್ಕದ ಮನೆಯವರನ್ನ ಕೇಳಿಕೊಂಡಿದ್ದೀನಿ.

ಕಾಗದ ತಲುಪಿ ನೀವು ನನ್ನ ಮಾತು ಕೇಳಿದರೆ ಇಲ್ಲೇನಾಗುತ್ತೆ ಅಂತ ಅಂಚೆಯ ಹುಡುಗಿಯನ್ನ ಕೇಳಿದೆ. ಯಾರಿಗೂ ಗೊತ್ತಾಗೋದಿಲ್ಲ ಅಜ್ಜಿ, ಮೊದಲಿಂದಲೂ ಹಾಗೇ ಇತ್ತು ಅಂದ್ಕೊಂಡು ಇದ್ದುಬಿಡ್ತೀರಿ ಅಂದಳು. ಆಗಲಿ ಬಿಡಿ, ಒಳ್ಳೇದಾದದ್ದು ಗೊತ್ತಾಗದಿದ್ದರೂ ಒಳ್ಳೇದೇ.

ನಿಂಗೇಗೌಡ ಆಗಲೇ ಬಾಗಿಲ ಹತ್ತಿರ ನಿಂತು ಕೆಮ್ಮೋಕೆ ಶುರು ಮಾಡಿದ್ದಾನೆ, ಹಸಿವು ತಡೆಯೋದಿಲ್ಲ ಅವನಿಗೆ. ಎದ್ದು ಬಾಗಿಲು ತೆಗೀಬೇಕು. ಒಳಗೆ ನಿಮ್ಮ ಎಲೆಯ ತುದಿಯಲ್ಲಿ, ಯಾರಿಗೂ ಕಾಣದ ಹಾಗೆ, ಒಂದು ಬಟ್ಟಲು ಉಪ್ಸಾರು ಇಟ್ಟು ಬಂದಿದ್ದೀನಿ. ಸೊಪ್ಪು ಚೆನ್ನಾಗಿ ಸೋಸಿದ್ದೀನಿ.

ಇಷ್ಟೆಲ್ಲ ಹೇಳಿ ಸಾವೇ ಬರೋದಿಲ್ಲ ಅಂತ ನಾನು ಹೇಳೋದಿಲ್ಲ ಕಣಪ್ಪ, ಶಿವನಂಜ. ನೀನು ಏನು ತಿಂದರೂ ಬಿಟ್ಟರೂ ಒಂದು ದಿನ ನಿನಗೆ ಎಡೆ ಇಡಲೇಬೇಕು. ಆದರೆ ಆ ಬಟ್ಟಲನ್ನ ನಾಲ್ಕನೇ ಕ್ಲಾಸಿನ ಹುಡುಗಿ ಹಿಡಿದುಕೊಂಡು ಕೂರಬಾರದು. ಕೂದಲು ನರೆತ ಸಿಂಚನ ಇಡಲಿ. ಕನ್ನಡಕ ಹಾಕಿಕೊಂಡು ಒಂದೊಂದೇ ಸೊಪ್ಪು ಸೋಸಿ, ಬಗ್ಗೋಕಾಗದೆ ಮಂಡಿ ಹಿಡಿದುಕೊಂಡು, ಈ ಅಪ್ಪ ಇಷ್ಟು ವರ್ಷ ಬದುಕಿ ನನ್ನನ್ನೂ ಮುದುಕಿ ಮಾಡಿಬಿಟ್ಟ ಅಂತ ಗೊಣಗಿಕೊಂಡು ಇಡಲಿ.

ಇಂತಿ, ನಿನಗಿಂತ ವಯಸ್ಸಿನಲ್ಲಿ ಹಿರಿಯಳಾದ ನಿನ್ನ ಮೊಮ್ಮಗಳು,
ಮಂಚಮ್ಮ